ದಿನಕ್ಕೆ ಆರು ತಾಸು ಓದಿದರೂ ಪರೀಕ್ಷೆಯಲ್ಲಿ ಏನೂ ನೆನಪಾಗುವುದಿಲ್ಲ. ಇನ್ನೂ ಎಷ್ಟು ಓದಬೇಕು?

ನೀವು ಬರೆದಿದ್ದನ್ನು ಎರಡು ಸಲ ಓದಿದೆ. ಸೇಡಂನಿಂದ ಕಲಬುರಗಿಗೆ ದಿನಾ ಬಸ್ಸಿನಲ್ಲಿ ಬಂದು ಬಿಎಸ್ಸಿ ಓದುತ್ತಿದ್ದೀರಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಮನೆಯಲ್ಲಿ ಆರು ತಾಸು ಓದುತ್ತೀರಿ, ಓದುವಾಗ ಎಲ್ಲ ಅರ್ಥ ಆಗುತ್ತದೆ, ಆದರೆ ಪರೀಕ್ಷೆ ಹಾಲ್‌ನಲ್ಲಿ ತಲೆ ಖಾಲಿ. ಈಗ ಎರಡು ಪೇಪರ್ ಬ್ಯಾಕ್‌ಲಾಗ್ ಇವೆ. ಇನ್ನೂ ಎರಡು ತಾಸು ಜಾಸ್ತಿ ಓದಬೇಕಾ ಅಂತ ಕೇಳಿದ್ದೀರಿ.

ಬೇಡ. ಆರು ತಾಸು ಬೇಕಾದಷ್ಟಾಯಿತು. ನಾಲ್ಕಾದರೂ ನಡೆಯುತ್ತದೆ. ಬದಲಾಗಬೇಕಾದ್ದು ಆ ತಾಸುಗಳಲ್ಲಿ ನೀವು ಮಾಡುವ ಕೆಲಸ.

ನಾನು ಜೇವರ್ಗಿ ಕಡೆಯವಳು. ಕಲಬುರಗಿಯಲ್ಲಿ ಹಾಸ್ಟೆಲ್‌ನಲ್ಲಿದ್ದು ಬಿಎಸ್ಸಿ, ಎಂಎಸ್ಸಿ ಮುಗಿಸಿದೆ. ಈಗ ಯಾದಗಿರಿ ಜಿಲ್ಲೆಯ ಒಂದು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತೇನೆ. ಎರಡನೇ ಸೆಮಿಸ್ಟರ್‌ನಲ್ಲಿ ನಾನೂ ಒಂದು ಪೇಪರ್ ಫೇಲಾಗಿದ್ದೆ. ಆ ನೋಟ್ಸ್ ಐದು ಸಲ ಓದಿದ್ದೆ. ಹಳದಿ ಪೆನ್ನಿನಲ್ಲಿ ಗೆರೆ ಎಳೆದು ಎಳೆದು ಪುಟಗಳೆಲ್ಲ ಹಳದಿಯಾಗಿದ್ದವು. ಪರೀಕ್ಷೆಯಲ್ಲಿ ಪ್ರಶ್ನೆ ನೋಡಿದಾಗ ಆ ಪುಟ ಕಣ್ಣಿಗೆ ಕಟ್ಟಿತು. ಚಿತ್ರ ಬಲಗಡೆ ಮೇಲಿದೆ, ಕೆಳಗೆ ಮೂರು ಸಾಲು ಇವೆ. ಎಲ್ಲಿ ಏನಿದೆ ಅಂತ ಗೊತ್ತು, ಒಳಗೆ ಏನು ಬರೆದಿದೆ ಅಂತ ಗೊತ್ತಿಲ್ಲ. ಫಲಿತಾಂಶ ಬಂದ ದಿನ ಕಲಬುರಗಿಯ ‘ಅಪ್ಪನ ಕೆರೆ’ ದಂಡೆ ಮೇಲೆ ಕೂತು ಬಹಳ ಹೊತ್ತು ಅತ್ತಿದ್ದೆ.

ಹಾಸ್ಟೆಲ್‌ನ ಸೀನಿಯರ್ ಒಬ್ಬರು ಮರುದಿನ ನನ್ನ ನೋಟ್ಸ್ ಕಸಿದುಕೊಂಡು ಮುಚ್ಚಿಟ್ಟರು. ಒಂದು ಬಿಳಿ ಹಾಳೆ ಕೊಟ್ಟು, "ಓದೀನಿ ಅಂತಿ ಅಲ್ಲಾ, ಬರಿ ನೋಡೂನು" ಅಂದರು. ಹತ್ತು ನಿಮಿಷದಲ್ಲಿ ನನ್ನಿಂದ ಬಂದದ್ದು ನಾಲ್ಕು ಸಾಲು. ಐದು ಸಲ ಓದಿದ ಪಾಠ ಅದು! ಆಮೇಲೆ ಅವರು ನೋಟ್ಸ್ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಅದೇ ಹಾಳೆಯ ಮೇಲೆ ನನ್ನಿಂದಲೇ ಬರೆಸಿದರು. ಎರಡು ದಿನ ಬಿಟ್ಟು ಮತ್ತೆ ಬಿಳಿ ಹಾಳೆ ಕೊಟ್ಟರು. ಈ ಸಲ ಒಂದು ಪುಟ ಬಂತು. ನನಗೆ ಓದಲು ಕಲಿಸಿದ್ದು ಅವರೇ ಅಂತ ಇವತ್ತಿಗೂ ಹೇಳುತ್ತೇನೆ.

ಸೂಪರ್ ಮಾರ್ಕೆಟ್‌ನಲ್ಲಿ ಯಾರೋ ಎದುರಿಗೆ ಬರುತ್ತಾರೆ. ಮುಖ ಚೆನ್ನಾಗಿ ಗೊತ್ತು, ಹೆಸರು ಮಾತ್ರ ನಾಲಿಗೆಗೆ ಬರುವುದಿಲ್ಲ. ಹೀಗೆ ಆಗುತ್ತದೆ ಅಲ್ವಾ? ನೋಟ್ಸನ್ನು ಮತ್ತೆ ಮತ್ತೆ ಓದಿದಾಗ ಬೆಳೆಯುವುದು ಮುಖ ಪರಿಚಯ. ಪರೀಕ್ಷೆ ಕೇಳುವುದು ಹೆಸರು. ಹೆಸರು ಹೊರಗೆ ತೆಗೆಯುವ ಅಭ್ಯಾಸವನ್ನು ನಾವು ಮನೆಯಲ್ಲಿ ಒಂದು ಸಲವೂ ಮಾಡಿರುವುದಿಲ್ಲ. ಮೊದಲ ಸಲ ಮಾಡುವುದೇ ಪರೀಕ್ಷೆ ಹಾಲ್‌ನಲ್ಲಿ.

ಇದು ನನ್ನೊಬ್ಬಳ ಅನುಭವ ಅಲ್ಲ. ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನೋವಿಜ್ಞಾನಿಗಳು 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ಪಾಠವನ್ನು ನಾಲ್ಕು ಸರದಿ ಓದಿತು. ಇನ್ನೊಂದು ಗುಂಪು ಒಂದೇ ಸರದಿ ಓದಿ, ಉಳಿದ ಮೂರು ಸರದಿ ಪಾಠ ನೋಡದೆ ನೆನಪಿದ್ದಷ್ಟು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಲೆಕ್ಕ ತಿರುಗಿತು. ಓದುತ್ತಲೇ ಇದ್ದವರಿಗೆ ಸುಮಾರು 40 ಶೇಕಡಾ ನೆನಪಿತ್ತು, ನೆನಪಿನಿಂದ ಬರೆದವರಿಗೆ 61 ಶೇಕಡಾ. ಆ ಐದು ನಿಮಿಷದ ಮಾತೇ ನಮಗೆ ಮುಖ್ಯ. ರಾತ್ರಿ ಓದಿ ಮಲಗುವಾಗ "ಎಲ್ಲ ಬಂತು" ಅಂತ ಅನಿಸುತ್ತದಲ್ಲ, ಅದು ಸುಳ್ಳಲ್ಲ. ಆಗ ನಿಜವಾಗಿಯೂ ಬಂದಿರುತ್ತದೆ. ಒಂದು ವಾರ ಇರುವುದಿಲ್ಲ, ಅಷ್ಟೇ.

ಹಾಗಾದರೆ ನೀವೇನು ಮಾಡಬೇಕು? ಆರು ತಾಸಿನಲ್ಲಿ ಎರಡು ತಾಸು ಮಾತ್ರ ಪುಸ್ತಕ ತೆರೆದು ಓದಿ. ಉಳಿದ ಹೊತ್ತು ಪುಸ್ತಕ ಮುಚ್ಚಿರಲಿ. ಬರೆಯಿರಿ, ಚಿತ್ರ ಬಿಡಿಸಿ, ಗೋಡೆಗೆ ಪಾಠ ಹೇಳಿ, ಹಳೇ ಪ್ರಶ್ನೆಪತ್ರಿಕೆ ಬಿಡಿಸಿ. ಬರೆದ ಮೇಲೆ ಪುಸ್ತಕ ತೆರೆದು ತಾಳೆ ನೋಡುವುದನ್ನು ಮಾತ್ರ ಬಿಡಬೇಡಿ. ಇಲ್ಲದಿದ್ದರೆ ತಪ್ಪೇ ಗಟ್ಟಿಯಾಗುತ್ತದೆ. ಮೊದಲ ವಾರ ಇದು ತುಂಬಾ ಕಷ್ಟ ಅನಿಸುತ್ತದೆ. ಏನೂ ಬರುತ್ತಿಲ್ಲ ಅಂತ ಸಿಟ್ಟು ಬರುತ್ತದೆ, ಸುಮ್ನೆ ಓದಿಕೊಂಡು ಹೋಗುವುದೇ ಮೇಲು ಅನಿಸುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ಆ ವಾರದಲ್ಲೇ. ದಯವಿಟ್ಟು ನೀವು ಬಿಡಬೇಡಿ. ಆ ತಡಕಾಟದಲ್ಲೇ ನೆನಪು ಕೂರುತ್ತದೆ.

ಬಸ್ಸಿನಲ್ಲಿ ಹೊತ್ತು ಹಾಳಾಗುತ್ತದೆ ಅಂತ ಬರೆದಿದ್ದೀರಿ. ನನಗೆ ಅದು ನಿಮ್ಮ ಕೈಗೆ ಸಿಕ್ಕ ದೊಡ್ಡ ಅನುಕೂಲ ಅನಿಸುತ್ತದೆ. ಕುಲುಕುವ ಬಸ್ಸಿನಲ್ಲಿ ಓದಿದರೆ ತಲೆ ತಿರುಗುತ್ತದೆ, ನೆನಪಿಸಿಕೊಂಡರೆ ತಿರುಗುವುದಿಲ್ಲ. ಸೀಟು ಸಿಗದೆ ನಿಂತಿದ್ದರೂ ನಡೆಯುತ್ತದೆ. ಬೆಳಿಗ್ಗೆ ಸೇಡಂ ಬಿಟ್ಟಾಗಿನಿಂದ ಮಳಖೇಡದ ಕಾಗಿಣಾ ಸೇತುವೆ ಬರುವವರೆಗೆ ನಿನ್ನೆಯ ಒಂದು ಕ್ಲಾಸನ್ನು ಮೊದಲಿನಿಂದ ನೆನಪಿಸಿಕೊಳ್ಳಿ. ಮೇಷ್ಟ್ರು ಬೋರ್ಡ್ ಮೇಲೆ ಮೊದಲು ಏನು ಬರೆದರು? ಅದು ಯಾಕೆ ಬೇಕಾಯಿತು? ಆಮೇಲೆ ಏನು ಬಂತು? ಎಲ್ಲಿ ತುಂಡಾಯಿತು ಅನ್ನುವುದನ್ನು ಗುರುತಿಟ್ಟುಕೊಳ್ಳಿ. ಸೇತುವೆ ದಾಟಿದ ಮೇಲೆ ನೋಟ್ಸ್ ತೆಗೆದು ತುಂಡಾದ ಜಾಗ ಮಾತ್ರ ನೋಡಿ. ಸಂಜೆ ಬರುವಾಗ ಕಲಬುರಗಿಯಿಂದ ಮಳಖೇಡದವರೆಗೆ ಇವತ್ತಿನ ಕ್ಲಾಸುಗಳು. ಆಮೇಲೆ ಕಿಟಕಿ ಹೊರಗೆ ತೊಗರಿ ಹೊಲ ನೋಡಿ, ಇಲ್ಲವೇ ಕಣ್ಣು ಮುಚ್ಚಿ. ತಲೆಗೂ ವಿಶ್ರಾಂತಿ ಬೇಕು.

ಇನ್ನು ಯಾವಾಗ ಮರು ನೋಡಬೇಕು ಅನ್ನುವುದು. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತೇನೆ ಅಂತ ಅಳೆದು 1885ರಲ್ಲಿ ಪ್ರಕಟಿಸಿದ. ಮೊದಲ ಗಂಟೆಗಳಲ್ಲೇ ಬಹಳಷ್ಟು ಹೋಗುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ ಅಂತ ಕಂಡುಕೊಂಡ. ಅರ್ಥ ಇರುವ ಪಾಠ ಅಷ್ಟು ಬೇಗ ಹೋಗುವುದಿಲ್ಲ, ಆದರೂ ದಾರಿ ಅದೇ. ಅದಕ್ಕೇ ಒಂದೇ ಭಾನುವಾರ ಒಂದು ಘಟಕವನ್ನು ಐದು ತಾಸು ಓದುವುದಕ್ಕಿಂತ ಐದು ದಿನ ಒಂದೊಂದು ತಾಸು ಹಂಚಿಕೊಳ್ಳುವುದು ಒಳ್ಳೆಯದು. ನಾನು ಇಟ್ಟುಕೊಂಡಿದ್ದ ಲೆಕ್ಕ ಇಷ್ಟೇ: ಅದೇ ದಿನ ರಾತ್ರಿ, ಮೂರನೇ ದಿನ, ವಾರಕ್ಕೆ, ತಿಂಗಳಿಗೆ. ಪ್ರತಿ ಸಲ ಮೊದಲು ಬಿಳಿ ಹಾಳೆ, ಆಮೇಲೆ ಪುಸ್ತಕ.

ಸಣ್ಣ ಸಣ್ಣ ವಿಷಯಗಳಿಗೆ, ಅಂದರೆ ಸೂತ್ರ, ವ್ಯಾಖ್ಯೆ, ರಿಯಾಕ್ಷನ್ ಹೆಸರು ಇಂಥವಕ್ಕೆ, ನಾನು ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ ಕಾರ್ಡ್ ಮಾಡಿದ್ದೆ. ನಮ್ಮ ಕಡೆ ಬೇಸಿಗೆ ಮುಗಿದರೆ ಮನೆ ತುಂಬ ಲಗ್ನಪತ್ರಿಕೆ, ಹಿಂದೆ ಖಾಲಿ ಇರುವಂಥವು ಬೇಕಾದಷ್ಟು ಸಿಗುತ್ತವೆ. ಒಂದು ಕಾರ್ಡಿನಲ್ಲಿ ಪ್ರಶ್ನೆ, ಕೆಳಗೆ ಮಡಚಿದ ಭಾಗದಲ್ಲಿ ಉತ್ತರ. ಮೂರು ಡಬ್ಬಿ ಇಟ್ಟುಕೊಳ್ಳಿ. ಮೊದಲ ಡಬ್ಬಿ ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಸರಿ ಹೇಳಿದರೆ ಕಾರ್ಡ್ ಮುಂದಿನ ಡಬ್ಬಿಗೆ, ತಪ್ಪಿದರೆ ಮತ್ತೆ ಮೊದಲನೆಯದಕ್ಕೆ. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಜರ್ಮನ್ ಪತ್ರಕರ್ತ ಈ ಡಬ್ಬಿ ಪದ್ಧತಿಯನ್ನು ಜನಪ್ರಿಯ ಮಾಡಿದ. ಬಾರದ ಕಾರ್ಡುಗಳೇ ಹೆಚ್ಚು ಸಲ ಕೈಗೆ ಬರುತ್ತವೆ, ಬಂದದ್ದನ್ನೇ ಓದಿ ಖುಷಿಪಡುವುದು ತಪ್ಪುತ್ತದೆ.

ಲೆಕ್ಕಗಳನ್ನು, ರಿಯಾಕ್ಷನ್‌ಗಳನ್ನು ಬೆರೆಸಿ ಅಭ್ಯಾಸ ಮಾಡಿ. ಎಸ್‌ಎನ್1, ಎಸ್‌ಎನ್2 ಅಂದರೆ ಕಾರ್ಬನ್ನಿಗೆ ಅಂಟಿದ ಒಂದು ಗುಂಪು ಹೋಗಿ ಅಲ್ಲಿಗೆ ಇನ್ನೊಂದು ಬರುವ ಎರಡು ಬಗೆಯ ರಿಯಾಕ್ಷನ್. ಎಸ್‌ಎನ್1 ಪ್ರಶ್ನೆಗಳನ್ನೆಲ್ಲ ಒಟ್ಟಿಗೆ, ಎಸ್‌ಎನ್2 ಎಲ್ಲ ಒಟ್ಟಿಗೆ ಬಿಡಿಸಿದರೆ ಸಲೀಸು ಅನಿಸುತ್ತದೆ. ಯಾಕೆಂದರೆ ಯಾವುದು ಅಂತ ಗುರುತಿಸುವ ಕೆಲಸವೇ ಇರುವುದಿಲ್ಲ. ಪರೀಕ್ಷೆಯಲ್ಲಿ ಕಷ್ಟ ಇರುವುದೇ ಗುರುತಿಸುವುದರಲ್ಲಿ. ಎರಡನ್ನೂ ಬೆರೆಸಿದಾಗ ನೀವೇ ಕೇಳಿಕೊಳ್ಳುತ್ತೀರಿ: ಇದು ಎರಡು ಹಂತದ್ದಾ, ಒಂದೇ ಹಂತದ್ದಾ? ನಡುವೆ ಕಾರ್ಬೊಕೆಟಯಾನ್, ಅಂದರೆ ಧನ ಆವೇಶದ ಕಾರ್ಬನ್, ಬರುತ್ತದಾ? ಕಾರ್ಬನ್ನಿಗೆ ಮೂರು ದೊಡ್ಡ ಗುಂಪು ಅಂಟಿಕೊಂಡಿದ್ದರೆ ಹಿಂದಿನಿಂದ ನ್ಯೂಕ್ಲಿಯೋಫೈಲ್ (ಹೊಸದಾಗಿ ಬಂದು ಸೇರುವ ಗುಂಪು) ಒಳಗೆ ಬರಲು ಜಾಗ ಎಲ್ಲಿದೆ?

ಇಂಗ್ಲಿಷ್ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ಆದರೆ ಅರ್ಧ ತೊಂದರೆ ಅಲ್ಲೇ ಇದೆ ಅಂತ ನನ್ನ ಅಂದಾಜು. ನಾವು ವಾಕ್ಯಗಳನ್ನು ಬಾಯಿಪಾಠ ಮಾಡುತ್ತೇವೆ. ನಡುವೆ ಒಂದು ಪದ ಮರೆತರೆ ಮುಂದಿನದೆಲ್ಲ ನಿಂತುಹೋಗುತ್ತದೆ. ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ. ಮನೆಯಲ್ಲಿ ತಂಗಿಗೋ ತಮ್ಮನಿಗೋ ನಿಮ್ಮ ಮಾತಿನಲ್ಲೇ ಹೇಳಿ. ಆಕ್ಟಿವೇಶನ್ ಎನರ್ಜಿ ಅಂದರೆ ರಿಯಾಕ್ಷನ್ ಶುರುವಾಗಲು ದಾಟಬೇಕಾದ ದಿಬ್ಬ, ಕ್ಯಾಟಲಿಸ್ಟ್ ಕಡಿಮೆ ಎತ್ತರದ ಬೇರೆ ದಾರಿ ತೋರಿಸುತ್ತದೆ. ಇಷ್ಟು ಹೇಳಲು ಬಂದರೆ ವಿಷಯ ನಿಮ್ಮದಾಯಿತು. ಆಮೇಲೆ ಅದನ್ನೇ ಇಂಗ್ಲಿಷ್‌ನಲ್ಲಿ ನಾಲ್ಕು ಸಣ್ಣ ವಾಕ್ಯಗಳಲ್ಲಿ ಬರೆಯಿರಿ. ಪಠ್ಯಪುಸ್ತಕದ ವಾಕ್ಯ ಬೇಡ, ನಿಮ್ಮದೇ ಇರಲಿ. ಪಾರಿಭಾಷಿಕ ಪದಗಳ ಸ್ಪೆಲ್ಲಿಂಗ್‌ಗೆ ಮಾತ್ರ ಒಂದು ಬೇರೆ ನೋಟ್‌ಬುಕ್ ಇಡಿ. ಮೌಲ್ಯಮಾಪನ ಮಾಡುವಾಗ ನಾನು ನೋಡುವುದು ವಿಷಯ ಇದೆಯಾ ಅಂತ. ಸಣ್ಣ, ಸರಿಯಾದ ವಾಕ್ಯಕ್ಕೆ ಅಂಕ ಕಡಿಮೆಯಾಗುವುದಿಲ್ಲ.

ಫೋನ್ ಬೇರೆ ಕೋಣೆಯಲ್ಲಿರಲಿ. ಪರೀಕ್ಷೆ ಹಿಂದಿನ ರಾತ್ರಿ ನಿದ್ದೆ ಕೆಡಬೇಡಿ, ಓದಿದ್ದು ನೆನಪಿನಲ್ಲಿ ನಿಲ್ಲಲು ನಿದ್ದೆ ಬೇಕೇ ಬೇಕು. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಬಿಸಿಲಿಗೆ ಮಧ್ಯಾಹ್ನ ತಗಡಿನ ಮನೆಯಲ್ಲಿ ಯಾರಿಗೂ ತಲೆ ಓಡುವುದಿಲ್ಲ. ಬಿಳಿ ಹಾಳೆಯ ಕೆಲಸವನ್ನು ಬೆಳಿಗ್ಗೆ ಐದಕ್ಕೆ ಇಟ್ಟುಕೊಳ್ಳಿ, ಮಧ್ಯಾಹ್ನ ಕಾರ್ಡ್ ಕತ್ತರಿಸಿ.

ಬ್ಯಾಕ್‌ಲಾಗ್ ಇರುವ ಎರಡು ಪೇಪರ್ ಯಾವುವು ಅಂತ ನೀವು ಬರೆದಿಲ್ಲ. ತಿಳಿಸಿ. ಅವುಗಳಲ್ಲಿ ಒಂದು ಕೆಮಿಸ್ಟ್ರಿ ಆಗಿದ್ದರೆ, ಒಂದು ಘಟಕವನ್ನು ನೆನಪಿನಿಂದ ಬರೆದು ಆ ಹಾಳೆಯ ಫೋಟೋ ಹಾಕಿ. ನಾಲ್ಕೇ ಸಾಲು ಬಂದಿದ್ದರೂ ಪರವಾಗಿಲ್ಲ. ಕೆಂಪು ಪೆನ್ನಿನಲ್ಲಿ ಏನು ಸೇರಿಸಬೇಕು ಅಂತ ನಾನು ಹೇಳುತ್ತೇನೆ.