ಹೋಬಳಿಗೊಂದು ಒಳಾಂಗಣ ಕ್ರೀಡಾಂಗಣ: ಮೊದಲು ಸರ್ವೆ ನಂಬರ್, ಆಮೇಲೆ ಘೋಷಣೆ

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹೋಬಳಿ ಊರು. ಅಡಿಕೆ ಕೊಯ್ಲು ಮುಗಿಯುತ್ತಿದ್ದಂತೆ ಹೊನಲು ಬೆಳಕಿನ ಕಬಡ್ಡಿ ಶುರುವಾಗುತ್ತದೆ, ಸುತ್ತಲಿನ ಹತ್ತೂರಿನ ಜನ ಸೇರುತ್ತಾರೆ. ಮಳೆ ಹಿಡಿದರೆ ಮಾತ್ರ ನಾಲ್ಕು ತಿಂಗಳು ಹುಡುಗರು ಅಂಕಣಕ್ಕೆ ಇಳಿಯುವಂತಿಲ್ಲ. ಪ್ರತಿ ಚುನಾವಣೆಯಲ್ಲೂ ಎಲ್ಲ ಪಕ್ಷದವರೂ ಒಳಾಂಗಣ ಕ್ರೀಡಾಂಗಣದ ಭರವಸೆ ಕೊಟ್ಟು ಹೋಗುತ್ತಾರೆ. ಈ ಸಲ ಅಭಿಮಾನಿಗಳೆಲ್ಲ ಒಂದಾಗಿ ರಾಜಕೀಯವಾಗಿ ಒತ್ತಡ ಹಾಕಬೇಕೆಂದಿದ್ದೇವೆ. ರಸ್ತೆ ತಡೆಯಿಂದ ಶುರು ಮಾಡೋಣವೇ, ಇಲ್ಲ ನಮ್ಮವರನ್ನೇ ಪಂಚಾಯಿತಿ ಚುನಾವಣೆಗೆ ನಿಲ್ಲಿಸೋಣವೇ?

ಉತ್ತರ: ಎರಡಕ್ಕೂ ಮೊದಲು ಒಂದು ಸರ್ವೆ ನಂಬರ್ ಹುಡುಕಿ. ಮಲೆನಾಡಿನಲ್ಲಿ ಇಂಥ ಭರವಸೆಗಳು ಹೆಚ್ಚಾಗಿ ಮುಗ್ಗರಿಸುವುದು ಜಾಗದ ವಿಷಯದಲ್ಲೇ. "ಕ್ರೀಡಾಂಗಣ ಬೇಕು" ಎಂದು ಕೇಳಿದರೆ "ಆಯ್ತು, ನೋಡೋಣ" ಎಂಬ ಉತ್ತರ ಸಿಗುತ್ತದೆ. "ಇಂಥ ಸರ್ವೆ ನಂಬರಿನಲ್ಲಿ ಎರಡು ಎಕರೆ ಕಾಯ್ದಿರಿಸಿ ಕೊಡಿ" ಎಂದು ಕೇಳಿದರೆ ಆಗುತ್ತದೋ ಇಲ್ಲವೋ ಎಂದು ಯಾರಾದರೂ ಬರೆದೇ ಹೇಳಬೇಕಾಗುತ್ತದೆ.

ಜಾಗ ಕಣ್ಣಿಗೆ ಬಿದ್ದರೆ ಅಲ್ಲೇ ನಿಂತು ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆಯಿರಿ, ಸರ್ವೆ ನಂಬರ್ ಕಾಣುತ್ತದೆ. ಆಮೇಲೆ ಪಹಣಿ ತೆಗೆಸಿ. 9ನೇ ಕಾಲಂನಲ್ಲಿ ಜಮೀನು ಯಾರ ಹೆಸರಿನಲ್ಲಿದೆ, 11ನೇ ಕಾಲಂನಲ್ಲಿ ಯಾವ ಹಕ್ಕು, ಯಾವ ಋಣ ಅಂಟಿಕೊಂಡಿದೆ ಎಂಬುದನ್ನು ನೋಡಿ. ಆದರೆ ನಮ್ಮ ಕಡೆ ಪಹಣಿಯೊಂದನ್ನೇ ನಂಬುವ ಹಾಗಿಲ್ಲ. ಪಹಣಿಯಲ್ಲಿ "ಸರ್ಕಾರಿ" ಎಂದಿರುವ ಜಾಗವೇ ಅರಣ್ಯ ಇಲಾಖೆಯ ಡೀಮ್ಡ್ ಅರಣ್ಯದ (ಅಧಿಸೂಚನೆ ಆಗದಿದ್ದರೂ ಅರಣ್ಯವೆಂದೇ ಪರಿಗಣಿಸಿದ ಜಾಗದ) ಪಟ್ಟಿಯಲ್ಲಿರಬಹುದು, ಇಲ್ಲವೇ 1963ರ ಕರ್ನಾಟಕ ಅರಣ್ಯ ಕಾಯ್ದೆಯ 4ನೇ ಸೆಕ್ಷನ್ನಿನ, ಅಂದರೆ ಮೀಸಲು ಅರಣ್ಯ ಮಾಡುವ ಉದ್ದೇಶ ಸಾರುವ, ಅಧಿಸೂಚನೆಯೊಳಗೆ ಸೇರಿರಬಹುದು. ಹಾಗಿದ್ದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಅನುಮತಿ ಸಿಗದೆ ಅಲ್ಲಿ ಒಂದು ಕಂಬವೂ ಏಳದು. ಹಾಗಾಗಿ ಕಂದಾಯ ಮತ್ತು ಅರಣ್ಯ ಇಲಾಖೆಗಳ ಜಂಟಿ ಸರ್ವೆ ಆಗಬೇಕೆಂದು ಮೊದಲ ಅರ್ಜಿಯಲ್ಲೇ ಕೇಳಿ. ಸೊಪ್ಪಿನಬೆಟ್ಟದ ತಂಟೆಗೆ ಹೋಗಬೇಡಿ, ಅದು ತೋಟದವರ ಸೊಪ್ಪು, ದರಕಿನ ಆಧಾರ. ಬಗರ್ ಹುಕುಂ ಸಾಗುವಳಿಯ ನಮೂನೆ 50, 53, 57ರ ಅರ್ಜಿ ಬಾಕಿಯಿರುವ ಜಾಗವನ್ನೂ, ಶರಾವತಿ ಮುಳುಗಡೆಯಿಂದ ಎದ್ದು ಬಂದ ಕುಟುಂಬಗಳು ಉಳುತ್ತಿರುವ ಜಾಗವನ್ನೂ ಬಿಟ್ಟುಬಿಡಿ. ನೆಲ ಕಳೆದುಕೊಂಡವರಿಂದ ಮತ್ತೊಮ್ಮೆ ನೆಲ ಕಿತ್ತುಕೊಂಡು ಕಟ್ಟಿದ ಕ್ರೀಡಾಂಗಣ ಊರಿನದಾಗುವುದಿಲ್ಲ.

ಉಳಿಯುವುದು ಹೆಚ್ಚಾಗಿ ಗೋಮಾಳ. 1969ರ ಭೂ ಮಂಜೂರಾತಿ ನಿಯಮಗಳ 97ನೇ ನಿಯಮದ ಪ್ರಕಾರ ಪ್ರತಿ 100 ಜಾನುವಾರಿಗೆ 30 ಎಕರೆ ಗೋಮಾಳ ಉಳಿಸಬೇಕು. ಗ್ರಾಮದಲ್ಲಿ 240 ಜಾನುವಾರು ಇದ್ದರೆ 72 ಎಕರೆ ಬೇಕಾಯಿತು. ಗೋಮಾಳ 80 ಎಕರೆ ಇದ್ದರೆ ಕೇಳಬಹುದಾದ ಹೆಚ್ಚುವರಿ 8 ಎಕರೆ. ಜಾನುವಾರು ಲೆಕ್ಕವನ್ನು ಪಶುಪಾಲನಾ ಇಲಾಖೆಯಿಂದ ಬರೆಸಿಕೊಂಡು ಅರ್ಜಿಗೆ ಲಗತ್ತಿಸಿ. ಈ ಲೆಕ್ಕವಿಲ್ಲದ ಅರ್ಜಿ ಕಂದಾಯ ನಿರೀಕ್ಷಕರ ಮಟ್ಟದಲ್ಲೇ ವಾಪಸಾಗುತ್ತದೆ. ನಿಮಗೆ ಬೇಕಾದ ಕೊನೆಯ ಕಾಗದವೆಂದರೆ 1964ರ ಭೂ ಕಂದಾಯ ಕಾಯ್ದೆಯ 71ನೇ ಸೆಕ್ಷನ್ ಪ್ರಕಾರ ಆ ಜಾಗವನ್ನು ಕ್ರೀಡಾಂಗಣದ ಉದ್ದೇಶಕ್ಕೆ ಕಾಯ್ದಿರಿಸಿದ ಆದೇಶ. ಅದು ಪಹಣಿಯಲ್ಲೂ ನಮೂದಾಗಬೇಕು. ಅಲ್ಲಿಯವರೆಗೆ ಶಂಕುಸ್ಥಾಪನೆಗೆ ಯಾರನ್ನೂ ಕರೆಯಬೇಡಿ.

ಅರ್ಜಿಗೆ ಬಲ ಬರುವುದು ಗ್ರಾಮಸಭೆಯಿಂದ. ಅಭಿಮಾನಿಗಳ ಸಂಖ್ಯಾಬಲ ನಿಜಕ್ಕೂ ಕೆಲಸಕ್ಕೆ ಬರುವ ಜಾಗ ಇದೇ. ರಾತ್ರಿ ಪಂದ್ಯಕ್ಕೆ ಬರುವ ಜನದಲ್ಲಿ ಹತ್ತರಲ್ಲೊಬ್ಬರು ಹಗಲು ಗ್ರಾಮಸಭೆಗೆ ಬಂದು ಕೂತರೂ ಸಭೆಯ ದಿಕ್ಕು ಬದಲಾಗುತ್ತದೆ. ಆದರೆ ಚಪ್ಪಾಳೆ ಹೊಡೆದು ಎದ್ದು ಬರಬೇಡಿ, ನಡಾವಳಿ ಪುಸ್ತಕ ನೋಡಿ. "ಕ್ರೀಡಾಂಗಣದ ಬಗ್ಗೆ ಚರ್ಚಿಸಲಾಯಿತು" ಎಂದು ಬರೆದಿದ್ದರೆ ಅದು ಏನೂ ಅಲ್ಲ. "ಸರ್ವೆ ನಂಬರ್ ಇಷ್ಟರಲ್ಲಿ, ಇಷ್ಟು ಎಕರೆ ಇಷ್ಟು ಗುಂಟೆಯನ್ನು ಸಾರ್ವಜನಿಕ ಒಳಾಂಗಣ ಕ್ರೀಡಾಂಗಣಕ್ಕೆ ಕಾಯ್ದಿರಿಸಲು ತಹಶೀಲ್ದಾರರನ್ನು ಕೋರಿ ಸರ್ವಾನುಮತದಿಂದ ನಿರ್ಣಯಿಸಲಾಯಿತು" ಎಂದು ಇರಬೇಕು. ಈ ವಾಕ್ಯವನ್ನು ಬರೆದುಕೊಂಡೇ ಹೋಗಿ ಪಿಡಿಒ ಅವರ ಕೈಗೆ ಕೊಡಿ, ದೃಢೀಕೃತ ಪ್ರತಿ ಪಡೆಯಿರಿ.

ಅಭಿಮಾನಿ ಬಳಗವನ್ನು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿ, ಏಳು ಜನ ಇದ್ದರೆ ಸಾಕು. ಏಳೂ ಜನ ಒಂದೇ ಕೇರಿಯವರೋ ಒಂದೇ ಪಕ್ಷದವರೋ ಆಗದಂತೆ ನೋಡಿಕೊಳ್ಳಿ, ಮಹಿಳಾ ತಂಡದ ಆಟಗಾರ್ತಿಯರೂ ಇರಲಿ. ವರ್ಷವರ್ಷ ಪದಾಧಿಕಾರಿಗಳ ಪಟ್ಟಿ ಸಲ್ಲಿಸದಿದ್ದರೆ ಸಂಘ ಹೆಸರಿಗಷ್ಟೇ ಉಳಿಯುತ್ತದೆ, ಬೇಕಾದ ಹೊತ್ತಿಗೆ ಕೈಕೊಡುತ್ತದೆ.

ಸಹಿ ಸಂಗ್ರಹಕ್ಕೆ ಕಬಡ್ಡಿ ರಾತ್ರಿಗಿಂತ ಒಳ್ಳೆಯ ಹೊತ್ತಿಲ್ಲ. ಅರ್ಧಾವಧಿಯ ಐದು ನಿಮಿಷದಲ್ಲಿ ಮೈಕಿನಲ್ಲಿ ಭಾಷಣ ಬೇಡ, ಎರಡು ವಾಕ್ಯ ಸಾಕು. ಪ್ಯಾಡು ಹಿಡಿದ ಹುಡುಗರು ಗ್ಯಾಲರಿಯ ನಾಲ್ಕೂ ಕಡೆ ಇರಲಿ. ಪ್ರತಿ ಹಾಳೆಯ ತಲೆಯಲ್ಲೂ ಬೇಡಿಕೆ ಪೂರ್ತಿಯಾಗಿ ಅಚ್ಚಾಗಿರಲಿ. ಹೆಸರು, ಗ್ರಾಮ, ಮತದಾರರ ಪಟ್ಟಿಯ ಭಾಗ ಸಂಖ್ಯೆ, ಸಹಿ, ಇಷ್ಟೇ ಕಾಲಂ. ಫೋನ್ ನಂಬರ್ ಬೇರೆ ಪುಸ್ತಕದಲ್ಲಿ ಬರೆದುಕೊಳ್ಳಿ, ಕಚೇರಿಗೆ ಕೊಡುವ ಪ್ರತಿಯಲ್ಲಿ ಬೇಡ. 18 ತುಂಬದ ಮಕ್ಕಳ ಸಹಿಗೆ ಬೇರೆಯದೇ ಹಾಳೆ ಇಡಿ, ಬೆರೆಸಿದರೆ ಇಡೀ ಕಟ್ಟಿನ ಮೇಲೆ ಅನುಮಾನ ಬರುತ್ತದೆ. ಕೊನೆಗೆ ಹಾಳೆಗಳನ್ನು ಮತಗಟ್ಟೆವಾರು ಜೋಡಿಸಿ. ಯಾವ ಮತಗಟ್ಟೆಯಲ್ಲಿ ಎಷ್ಟು ಜನ ಕೇಳುತ್ತಿದ್ದಾರೆ ಎಂಬ ಒಂದು ಪುಟದ ಪಟ್ಟಿಯನ್ನು ಶಾಸಕರ ಮುಂದಿಟ್ಟರೆ ಅವರು ಅದನ್ನು ಓದದೆ ಇರುವುದಿಲ್ಲ.

ನಿಮ್ಮ ತಾಲ್ಲೂಕಿನಲ್ಲಿ ಇನ್ನೊಂದು ತೊಡಕಿದೆ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಹೊಸನಗರ ವಿಧಾನಸಭಾ ಕ್ಷೇತ್ರವೇ ಹೋಗಿ ತಾಲ್ಲೂಕು ಸಾಗರ ಮತ್ತು ತೀರ್ಥಹಳ್ಳಿ ಕ್ಷೇತ್ರಗಳಿಗೆ ಹಂಚಿಹೋಯಿತು. ಪಂದ್ಯ ನೋಡಲು ಬರುವವರು ಎರಡೂ ಕಡೆಯವರಾದ್ದರಿಂದ ಮನವಿ ಇಬ್ಬರೂ ಶಾಸಕರಿಗೆ ಹೋಗಲಿ, ಇಬ್ಬರ ಶಿಫಾರಸು ಪತ್ರವೂ ಬರಲಿ. ಒಬ್ಬರನ್ನೇ ಹಿಡಿದರೆ ಇನ್ನೊಬ್ಬರಿಗೆ ಅದು ತಮ್ಮ ಕೆಲಸವೆನಿಸದು.

ದುಡ್ಡಿನ ಲೆಕ್ಕ ಹೀಗಿದೆ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ, ವಿಧಾನ ಪರಿಷತ್ ಸದಸ್ಯರಿಗೂ ಅಷ್ಟೇ. ಸಂಸದರದು 5 ಕೋಟಿ. ಇದೇ ದುಡ್ಡಿನಲ್ಲಿ ಕ್ಷೇತ್ರದ ಕಾಲುಸಂಕ, ಶಾಲೆ ಕೊಠಡಿ ಎಲ್ಲ ಆಗಬೇಕು, ಆದ್ದರಿಂದ ಪೂರ್ತಿ ಕ್ರೀಡಾಂಗಣವನ್ನು ಒಬ್ಬರಿಂದಲೇ ಕೇಳುವುದು ನ್ಯಾಯವಲ್ಲ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ, ಶಿವಮೊಗ್ಗದಲ್ಲೇ ಇರುವ ಮಲೆನಾಡು ಪ್ರದೇಶಾಭಿವೃದ್ಧಿ ಮಂಡಳಿ, ಶಾಸಕರ ನಿಧಿ, ಸಂಸದರ ನಿಧಿ, ಹೀಗೆ ಪಾಲು ಹಂಚಿ ಕೇಳಿ. ಹಂತಹಂತವಾಗಿ ಕಟ್ಟಿಸುವುದಾದರೆ ಮೊದಲ ಹಂತದಲ್ಲೇ ಚಾವಣಿ, ನೆಲ, ದೀಪ, ಶೌಚಾಲಯ ಮುಗಿಯಬೇಕು. ಗ್ಯಾಲರಿ ಎರಡನೇ ಹಂತಕ್ಕಿರಲಿ. ಕಂಬವೆದ್ದು ಚಾವಣಿಯಿಲ್ಲದೆ ಎರಡು ಮಳೆಗಾಲ ನೆನೆದ ಕಬ್ಬಿಣಕ್ಕೆ ಮತ್ತೆ ದುಡ್ಡು ಹಾಕಲು ಯಾರೂ ಮುಂದೆ ಬರುವುದಿಲ್ಲ. ರಾಜ್ಯ ಬಜೆಟ್ ಫೆಬ್ರುವರಿ–ಮಾರ್ಚಿನಲ್ಲಿ ಬರುತ್ತದೆ. ಜಾಗದ ಆದೇಶ, ಅಂದಾಜು ಪಟ್ಟಿ ಎರಡೂ ಅಕ್ಟೋಬರ್ ಹೊತ್ತಿಗೆ ಇಲಾಖೆಯಲ್ಲಿರಬೇಕು.

ಕಡತ ಎಲ್ಲೋ ಸಿಕ್ಕಿಕೊಂಡರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದ ಗಡುವು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ಕ್ರೀಡಾಂಗಣ ಯಾಕೆ ಆಗಿಲ್ಲ" ಎಂದು ಕೇಳಿದರೆ ಉತ್ತರ ಬರದು. "ಇಂಥ ದಿನಾಂಕದ ಅರ್ಜಿಯ ಕಡತ ಸಂಖ್ಯೆ, ಈವರೆಗಿನ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ" ಎಂದು ಕೇಳಿ. ಉತ್ತರ ಬರದಿದ್ದರೆ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ. ಧರಣಿ ಮಾಡುವುದಿದ್ದರೆ ಇದಾದ ಮೇಲೆ ಮಾಡಿ, ಕಡತ ಸಂಖ್ಯೆಯನ್ನೇ ಬ್ಯಾನರಿನಲ್ಲಿ ಬರೆಸಿ, ತಾಲ್ಲೂಕು ಕಚೇರಿಯ ಮುಂದೆ ಕೂರಿ. ರಸ್ತೆ ತಡೆದರೆ ತೊಂದರೆಯಾಗುವುದು ಆಸ್ಪತ್ರೆಗೆ ಹೊರಟವರಿಗೆ, ಶಾಲೆ ಬಸ್ಸಿಗೆ.

ಪಂಚಾಯಿತಿಗೆ ನಿಮ್ಮವರು ಧಾರಾಳವಾಗಿ ನಿಲ್ಲಲಿ. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆಯೇ ಇಲ್ಲದ್ದರಿಂದ ಬಳಗ ಒಡೆಯುವ ಭಯ ಕಡಿಮೆ. ಕಟ್ಟಡಕ್ಕೆ ಸಾಲುವಷ್ಟು ದುಡ್ಡು ಪಂಚಾಯಿತಿಯಲ್ಲಿರುವುದಿಲ್ಲ. ಆದರೆ ನೀರು, ದಾರಿದೀಪ, ಮುಂದಿನ ನಿರ್ವಹಣೆ ಅಲ್ಲಿಂದಲೇ ಆಗಬೇಕು.

ಪ್ರಶ್ನೆ: ಅಂದಾಜು ಪಟ್ಟಿ ತಯಾರಾಗುವಾಗ ನಾವು ಯಾವ ಅಳತೆ ಕೇಳಬೇಕು? ಕಬಡ್ಡಿಗಷ್ಟೇ ಸಾಕು ಎನ್ನುವವರೂ ನಮ್ಮಲ್ಲಿದ್ದಾರೆ.

ಉತ್ತರ: ಕಬಡ್ಡಿಗಷ್ಟೇ ಕೇಳಿದರೆ ಕಬಡ್ಡಿಯವರಷ್ಟೇ ನಿಮ್ಮ ಹಿಂದೆ ಬರುತ್ತಾರೆ. ಪುರುಷರ ಕಬಡ್ಡಿ ಅಂಕಣ 13x10 ಮೀಟರ್, ಮಹಿಳೆಯರದು 12x8. ವಾಲಿಬಾಲ್ 18x9, ಸುತ್ತ 3 ಮೀಟರ್ ಬಿಟ್ಟರೆ 24x15. ಬಾಸ್ಕೆಟ್‌ಬಾಲ್ 28x15, ಸುತ್ತ 2 ಮೀಟರ್ ಸೇರಿ 32x19. ಈ 32x19 ಮೀಟರಿನ ಒಂದೇ ನೆಲದಲ್ಲಿ ಇವೆಲ್ಲವೂ, ಜೊತೆಗೆ ಪಕ್ಕಪಕ್ಕದಲ್ಲಿ ನಾಲ್ಕು ಬ್ಯಾಡ್ಮಿಂಟನ್ ಅಂಕಣವೂ ಕೂರುತ್ತವೆ. ನೆಲದ ಲೆಕ್ಕ ಆರು ಗುಂಟೆ. ಗ್ಯಾಲರಿ, ವಾಹನ ನಿಲ್ಲಿಸಲು ಜಾಗ, ಮುಂದೊಂದು ದಿನ ಬೇಕಾಗುವ ಹಾಸ್ಟೆಲ್, ಇದಕ್ಕೆಲ್ಲ ಸೇರಿ ಎರಡು ಎಕರೆ ಕೇಳುವುದು.

ಅಂದಾಜು ಪಟ್ಟಿಯಲ್ಲಿ ಮೊದಲು ಎತ್ತರ ನೋಡಿ. ಖರ್ಚು ಇಳಿಸಲು 6 ಮೀಟರಿಗೇ ಚಾವಣಿ ಹಾಕಿದರೆ ಷಟಲ್ ಚಾವಣಿ ಹೊರುವ ಕಬ್ಬಿಣದ ಚೌಕಟ್ಟಾದ ಟ್ರಸ್‌ಗೆ ಬಡಿಯುತ್ತದೆ, ವಾಲಿಬಾಲಿಗೂ ಸಾಲದು, ಅದಕ್ಕೆ ಕನಿಷ್ಠ 7 ಮೀಟರ್ ಬೇಕು. ಟ್ರಸ್‌ನ ಕೆಳಗಂಚಿನಿಂದ ನೆಲಕ್ಕೆ 9 ಮೀಟರ್ ಖಾಲಿ ಇರಲೇಬೇಕು. ಕಟ್ಟಿದ ಮೇಲೆ ಎತ್ತರಿಸಲು ಬರುವುದಿಲ್ಲ.

ಎರಡನೆಯದು ಮಳೆ. 35x24 ಮೀಟರ್ ಚಾವಣಿ ಎಂದರೆ 840 ಚದರ ಮೀಟರ್. ಗಂಟೆಗೆ 100 ಮಿ.ಮೀ. ರಭಸದಲ್ಲಿ ಹುಯ್ದರೆ ಒಂದು ಗಂಟೆಗೆ 84,000 ಲೀಟರ್ ನೀರು ಇಳಿಯುತ್ತದೆ. ಚಾವಣಿಯ ನೀರು ಹರಿದುಹೋಗುವ ದೋಣಿ ಗೋಡೆಯ ಹೊರಗೇ ಇರಲಿ. ಎರಡು ಚಾವಣಿ ಸೇರುವ ನಡುವೆ ದೋಣಿ ಇಟ್ಟರೆ ಅದರಲ್ಲಿ ಎಲೆ ಕಟ್ಟಿ ನೀರು ಅಂಕಣದ ಮೇಲೇ ಸುರಿಯುತ್ತದೆ. ಬರೀ ತಗಡಾದರೆ ಆಷಾಢದಲ್ಲಿ ರೆಫ್ರಿ ಸೀಟಿ ಕೇಳಿಸದು, ಕೆಳಗೆ ಶಬ್ದ ತಡೆಯುವ ಪದರ ಬರೆಸಿ. ನೈಋತ್ಯದ ಎರಚಲು ಬೀಳುವ ಪಡುವಣ ಮತ್ತು ತೆಂಕಣ ಗೋಡೆ ಮುಚ್ಚಿರಲಿ, ಗಾಳಿಗಂಡಿ ಮೂಡಣಕ್ಕೂ ಬಡಗಣಕ್ಕೂ ಇರಲಿ. ಮರದ ನೆಲ ನಮ್ಮ ತೇವಕ್ಕೆ ಉಬ್ಬುತ್ತದೆ. ಕಾಂಕ್ರೀಟಿನ ಅಡಿಯಲ್ಲಿ ತೇವ ತಡೆಯುವ ಹಾಳೆ ಹಾಸಿ ಮೇಲೆ ಸಿಂಥೆಟಿಕ್ ನೆಲ ಹಾಕುವುದು ಬಾಳಿಕೆಗೆ ಒಳ್ಳೆಯದು.

ಪ್ರಶ್ನೆ: ಅಮೆರಿಕದ ಸ್ಯಾಕ್ರಮೆಂಟೊ ನಗರದಲ್ಲಿ ಬಾಸ್ಕೆಟ್‌ಬಾಲ್ ಅಭಿಮಾನಿಗಳು ಸಂಘಟಿತರಾಗಿ ತಂಡವನ್ನೂ ಉಳಿಸಿಕೊಂಡು ಹೊಸ ಅರೇನಾವನ್ನೂ ಕಟ್ಟಿಸಿದರು ಎಂದು ಕೇಳಿದ್ದೇನೆ. ಶಿವಮೊಗ್ಗದಂಥ ಊರಿಗೆ ಅದರಿಂದ ಕಲಿಯುವುದಿದೆಯೇ?

ಉತ್ತರ: ಇದೆ, ಆದರೆ ಸಂದರ್ಭ ಬೇರೆ. ಅಲ್ಲಿ ಕಿಂಗ್ಸ್ ತಂಡವನ್ನು ಸಿಯಾಟಲ್‌ಗೆ ಒಯ್ಯುವ ಪ್ರಯತ್ನ ನಡೆದಿತ್ತು. 2013ರ ಮೇ ತಿಂಗಳಲ್ಲಿ ಅಲ್ಲಿನ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ ತಂಡಗಳ ಮಾಲೀಕರು 22–8 ಮತಗಳಿಂದ ಅದನ್ನು ತಿರಸ್ಕರಿಸಿದರು, 2016ರಲ್ಲಿ ಹೊಸ ಅರೇನಾ ತೆರೆಯಿತು. ಅದಕ್ಕೆ ನಗರದ ಪಾಲು ಸುಮಾರು 25 ಕೋಟಿ ಡಾಲರ್. ಖಾಸಗಿ ತಂಡಕ್ಕೆ ಇಷ್ಟು ಸಾರ್ವಜನಿಕ ಹಣ ಏಕೆ, ಜನಮತ ಕೇಳಿ ಎಂದು ವಿರೋಧಿಗಳು ಸಾವಿರಾರು ಸಹಿ ಸಂಗ್ರಹಿಸಿದರು. ಸಹಿ ಸಾಕಷ್ಟಿದ್ದರೂ ಅರ್ಜಿಯ ನಮೂನೆಯಲ್ಲಿ ತಪ್ಪುಗಳಿವೆ ಎಂದು ನಗರಾಡಳಿತ ಅದನ್ನು ತಳ್ಳಿಹಾಕಿತು, 2014ರಲ್ಲಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಪ್ರತಿ ಹಾಳೆಯ ತಲೆಯಲ್ಲೂ ಬೇಡಿಕೆ ಇರಲಿ ಎಂದು ಮೇಲೆ ಹೇಳಿದ್ದು ಇಂಥ ಕಾರಣಕ್ಕೇ. ಆ ವಿರೋಧಿಗಳ ಪ್ರಶ್ನೆಯನ್ನು ನಿಮ್ಮೂರಿನಲ್ಲೂ ಯಾರಾದರೂ ಕೇಳಿದರೆ ಅವರನ್ನು ದೂರ ಇಡಬೇಡಿ. ಖರ್ಚು ಬರೆದು ತೋರಿಸಿ. ಈ ಅಳತೆಯ ಒಳಾಂಗಣಕ್ಕೆ ಎಲ್ಇಡಿ ದೀಪವೇ ಸುಮಾರು 6 ಕಿಲೋವಾಟ್ ಬೇಕು, ದಿನಕ್ಕೆ ನಾಲ್ಕು ಗಂಟೆ ಉರಿದರೆ 24 ಯೂನಿಟ್, ತಿಂಗಳಿಗೆ 720. ಕಾವಲುಗಾರ, ಸ್ವಚ್ಛತೆ ಬೇರೆ. ಬ್ಯಾಡ್ಮಿಂಟನ್ ಆಡುವವರ ಮಾಸಿಕ ಶುಲ್ಕದಿಂದ ಇದೆಷ್ಟು ತುಂಬುತ್ತದೆ, ಉಳಿದದ್ದು ಎಲ್ಲಿಂದ ಬರುತ್ತದೆ ಎಂಬುದು ಮನವಿಯ ಜೊತೆಯಲ್ಲೇ ಇರಬೇಕು.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕ. ಹೋರಾಟ ಸಮಿತಿಯ ಅಧ್ಯಕ್ಷನಾಗಬಹುದೇ?

ಉತ್ತರ: ಬೇಡ ಸರ್. ನೌಕರರ ನಡತೆ ನಿಯಮಗಳು ರಾಜಕೀಯ ಚಟುವಟಿಕೆಗೆ ಅವಕಾಶ ಕೊಡುವುದಿಲ್ಲ, ಸರ್ಕಾರದ ವಿರುದ್ಧದ ಧರಣಿಯಲ್ಲಿ ನಿಮ್ಮ ಫೋಟೊ ಬಂದರೆ ನೋಟಿಸ್ ಬರಬಹುದು. ಅಂಕಣದ ಅಳತೆ, ತಂಡಗಳ ಪಟ್ಟಿ, ಮಳೆಗಾಲದಲ್ಲಿ ಎಷ್ಟು ದಿನ ಅಭ್ಯಾಸ ತಪ್ಪಿತು ಎಂಬ ದಾಖಲೆ ಸಿದ್ಧ ಮಾಡಿಕೊಡಿ. ಸಮಿತಿಗೆ ಅದು ಅಧ್ಯಕ್ಷಗಿರಿಗಿಂತ ಹೆಚ್ಚು ಬೇಕು.

ಪ್ರಶ್ನೆ: ಚುನಾವಣೆಯಲ್ಲಿ ಬಹಿರಂಗ ಬೆಂಬಲ ಕೊಟ್ಟರೆ ಕಬಡ್ಡಿ ಮ್ಯಾಟ್ ಕೊಡಿಸುತ್ತೇನೆಂದು ಮುಖಂಡರೊಬ್ಬರು ಹೇಳುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ಒಪ್ಪಬೇಡಿ. ಮತಕ್ಕಾಗಿ ವಸ್ತು ಕೊಡುವುದೂ ಪಡೆಯುವುದೂ ಅಪರಾಧ, ಸಿಕ್ಕಿಬೀಳುವವರು ಸಂಘದ ಪದಾಧಿಕಾರಿಗಳು. ಬದಲಿಗೆ ಎಲ್ಲ ಅಭ್ಯರ್ಥಿಗಳಿಗೂ ಒಂದೇ ಪ್ರಶ್ನಾವಳಿ ಕಳಿಸಿ: ಈ ಸರ್ವೆ ನಂಬರಿನ ಕಡತಕ್ಕೆ ಏನು ಮಾಡುತ್ತೀರಿ, ಯಾವ ನಿಧಿಯಿಂದ, ಯಾವ ವರ್ಷ? ಸಹಿ ಹಾಕಿದ ಉತ್ತರವನ್ನಷ್ಟೇ ಒಪ್ಪಿ, ಎಲ್ಲರ ಉತ್ತರವನ್ನೂ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ ಹಂಚಿ. ಉತ್ತರಿಸದವರ ಹೆಸರಿನ ಮುಂದೆ "ಉತ್ತರ ಬಂದಿಲ್ಲ" ಎಂದಷ್ಟೇ ಇರಲಿ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಸೆಕ್ಷನ್ ಪ್ರಕಾರ ಕರಪತ್ರದಲ್ಲಿ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಲೇಬೇಕು. ಅದಿಲ್ಲದ ಕಟ್ಟುಗಳನ್ನು ಅಧಿಕಾರಿಗಳು ಎತ್ತಿಕೊಂಡು ಹೋಗುತ್ತಾರೆ. ಇದನ್ನೆಲ್ಲ ಚುನಾವಣೆ ಘೋಷಣೆಗೆ ಬಹಳ ಮೊದಲೇ ಶುರುಮಾಡಿ, ನೀತಿಸಂಹಿತೆ ಬಂದ ಮೇಲೆ ಹೊಸ ಕಾಮಗಾರಿಗೆ ಮಂಜೂರಾತಿ ಸಿಗುವುದಿಲ್ಲ.

ಮ್ಯಾಟನ್ನು ಸಂಘವೇ ಚಂದಾ ಎತ್ತಿ ಕೊಳ್ಳಲಿ. ಒಂದು ಮೀಟರ್ ಚೌಕದ್ದಾದರೆ ಪುರುಷರ ಅಂಕಣಕ್ಕೆ 130 ಬೇಕು. ಮಳೆಗಾಲದಲ್ಲಿ ಆಟ ಮುಗಿದ ಕೂಡಲೇ ಒಂದರ ಮೇಲೊಂದು ಪೇರಿಸಿದರೆ ಬೆವರು, ತೇವ ಸೇರಿ ಬೂಷ್ಟು ಹಿಡಿಯುತ್ತದೆ. ಒರೆಸಿ, ಗೋಡೆಗೆ ಆನಿಸಿ ನಿಲ್ಲಿಸಿ ಒಂದು ರಾತ್ರಿ ಆರಲು ಬಿಟ್ಟು, ಮರುದಿನ ನೆಲದಿಂದ ಅರ್ಧ ಅಡಿ ಎತ್ತರದ ಮರದ ಹಲಗೆಯ ಮೇಲೆ ಜೋಡಿಸಿಡಿ.