ಇಂಡಿಯಾದ ಪಿಎಫ್, ಪಿಪಿಎಫ್ ಹಣವನ್ನು ಅಮೆರಿಕದ ಟ್ಯಾಕ್ಸ್‌ನಲ್ಲಿ ತೋರಿಸಬೇಕಾ?

ಎಚ್‌1ಬಿ ಮೇಲೆ ಬಂದು ಎರಡು ವರ್ಷ ಆಯ್ತು, ಬೆಂಗಳೂರಿನ ಕೆಲಸದ ಪಿಎಫ್‌ನಲ್ಲಿ 11 ಲಕ್ಷ, ಪಿಪಿಎಫ್‌ನಲ್ಲಿ 6 ಲಕ್ಷ ಹಾಗೇ ಇದೆ, ಒಂದು ರೂಪಾಯಿಯೂ ತೆಗೆದಿಲ್ಲ, ಮತ್ತೆ ಇಲ್ಲಿ ಯಾಕೆ ಹೇಳಬೇಕು ಅಂತ ಕೇಳಿದ್ದೀರಿ. ತೆಗೆಯದಿದ್ದರೂ ಹೇಳಬೇಕು. ಟ್ಯಾಕ್ಸ್ ಕಟ್ಟೋದು ಬೇರೆ, ಖಾತೆ ಇದೆ ಅಂತ ತಿಳಿಸೋದು ಬೇರೆ. ನಮ್ಮವರು ಸಿಕ್ಕಿಹಾಕಿಕೊಳ್ಳುವುದು ಜಾಸ್ತಿ ಎರಡನೆಯದರಲ್ಲೇ.

ಮೊದಲು ಎಫ್‌ಬಾರ್, ಅಂದರೆ ವಿದೇಶಿ ಖಾತೆಗಳ ವರದಿ. ಅಮೆರಿಕದ ಹೊರಗಿನ ನಿಮ್ಮ ಎಲ್ಲಾ ಖಾತೆ ಸೇರಿ ವರ್ಷದ ಯಾವುದಾದರೂ ಒಂದು ದಿನ 10,000 ಡಾಲರ್ ದಾಟಿದ್ದರೆ ಇದನ್ನು ಸಲ್ಲಿಸಬೇಕು. ನಿಮ್ಮದು ಸುಮಾರು 20,000 ಡಾಲರ್, ದಾಟಿದೆ. ಇದು ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ಗೆ ಹೋಗುವುದಿಲ್ಲ, ಫಿನ್‌ಸೆನ್ ಅನ್ನೋ ಬೇರೆ ಇಲಾಖೆಗೆ ಆನ್‌ಲೈನಿನಲ್ಲಿ ಹೋಗುತ್ತದೆ. ಫೀಸ್ ಇಲ್ಲ. ಗಡುವು ಏಪ್ರಿಲ್ 15, ಕೇಳದೇ ಅಕ್ಟೋಬರ್ 15ರವರೆಗೆ ಸಿಗುತ್ತದೆ. ಊರಲ್ಲಿ ಅಪ್ಪನ ಎಫ್‌ಡಿಗೆ ನಿಮ್ಮ ಹೆಸರು ಜಂಟಿಯಾಗಿ ಇದ್ದರೆ ಅದನ್ನೂ ಪೂರ್ತಿ ಸೇರಿಸಿ. "ಅದು ಅಪ್ಪನ ದುಡ್ಡು" ಅನ್ನೋ ಮಾತು ಇಲ್ಲಿ ನಡೆಯಲ್ಲ.

ಲೆಕ್ಕ ಹಾಕುವಾಗ ಒಂದು ತಲೆನೋವಿದೆ. ಪಿಎಫ್ ಪಾಸ್‌ಬುಕ್ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಇರುತ್ತದೆ, ಎಫ್‌ಬಾರ್‌ನಲ್ಲಿ ಕೇಳೋದು ಜನವರಿಯಿಂದ ಡಿಸೆಂಬರ್. ಅದರಲ್ಲಿ ಮೂರು ಕಾಲಂ: ನಿಮ್ಮ ಪಾಲು, ಕಂಪನಿಯ ಪಾಲು, ಪೆನ್ಶನ್ ಪಾಲು. ಮೂರನೆಯದಕ್ಕೆ ಬಡ್ಡಿ ಸೇರಲ್ಲ, ಅದು ಇಪಿಎಸ್ ಅನ್ನೋ ಪೆನ್ಶನ್ ಯೋಜನೆಗೆ ಹೋಗಿಬಿಡುತ್ತದೆ. ನಾನು ಮೊದಲ ಎರಡನ್ನು ಕೂಡಿ, ವರ್ಷದ ಗರಿಷ್ಠ ಮೊತ್ತ ಹಿಡಿದು, ಡಿಸೆಂಬರ್ 31ರ ಅಮೆರಿಕದ ಟ್ರೆಷರಿ ದರದಲ್ಲಿ ಡಾಲರ್ ಮಾಡುತ್ತೇನೆ. ಪಿಪಿಎಫ್ ಸುಲಭ: ಬಡ್ಡಿ ಮಾರ್ಚ್ 31ಕ್ಕೆ ಒಂದೇ ಸಲ ಬೀಳುತ್ತದೆ.

ವಿದೇಶಿ ಆಸ್ತಿ ತಿಳಿಸೋಕೆ ಟ್ಯಾಕ್ಸ್ ರಿಟರ್ನ್ ಜೊತೆ ಕೊಡುವ ಫಾರ್ಮ್ 8938 ಬೇರೆ. ಒಂಟಿಯಾಗಿ ಫೈಲ್ ಮಾಡುವವರಿಗೆ ವರ್ಷದ ಕೊನೆಗೆ 50,000 ಡಾಲರ್, ಗಂಡ ಹೆಂಡತಿ ಜೊತೆಗೆ ಮಾಡಿದರೆ 1,00,000 ದಾಟಬೇಕು; ನಡುವೆ ಯಾವಾಗಲಾದರೂ 75,000 ಅಥವಾ 1,50,000 ದಾಟಿದರೂ ಸಾಕು. ಸದ್ಯಕ್ಕೆ ನಿಮಗೆ ಬೇಡ, ಬೇರೆ ಆಸ್ತಿ ಇಲ್ಲದಿದ್ದರೆ. ಇಂಡಿಯಾದ ಮ್ಯೂಚುವಲ್ ಫಂಡ್ ಇದ್ದರೆ ಮಾತ್ರ ಅದನ್ನು ತೋರಿಸುವ ಫಾರ್ಮ್ 8621ರ ರಗಳೆ ಬೇರೆಯೇ, ಅದಕ್ಕೆ ಸಿಪಿಎ (ಇಲ್ಲಿನ ಲೆಕ್ಕಪರಿಶೋಧಕರು) ಹಿಡಿಯಿರಿ.

ಇನ್ನು ಟ್ಯಾಕ್ಸ್. ಪಿಪಿಎಫ್ ಬಡ್ಡಿಗೆ ಇಂಡಿಯಾದಲ್ಲಿ ತೆರಿಗೆ ಇಲ್ಲ, ಆದರೆ ಅಮೆರಿಕ ಆ ವಿನಾಯಿತಿಯನ್ನು ಒಪ್ಪಲ್ಲ. 7.1% ಲೆಕ್ಕದಲ್ಲಿ 6 ಲಕ್ಷಕ್ಕೆ 42,600 ರೂಪಾಯಿ, ಅಂದರೆ ಹತ್ತಿರ ಹತ್ತಿರ 500 ಡಾಲರ್, ಪ್ರತಿ ವರ್ಷ ಆದಾಯಕ್ಕೆ ಸೇರಿಸಬೇಕು. ಅಲ್ಲಿ ತೆರಿಗೆ ಕಟ್ಟಿಲ್ಲವಲ್ಲ, ಹಾಗಾಗಿ ಇಲ್ಲಿ ಕಳೆಯೋಕೆ ಕ್ರೆಡಿಟ್ಟೂ ಇಲ್ಲ. ಅನ್ಯಾಯ ಅನ್ಸುತ್ತೆ, ಅಲ್ವಾ? ಕೆನಡಾದ ಆರ್‌ಆರ್‌ಎಸ್‌ಪಿ ಅನ್ನೋ ನಿವೃತ್ತಿ ಖಾತೆಗೆ ಇಲ್ಲಿ ತೆರಿಗೆ ಮುಂದೂಡಿಕೆ ತಾನಾಗೇ ಸಿಗುತ್ತದೆ. ಇಂಡಿಯಾ-ಅಮೆರಿಕ ತೆರಿಗೆ ಒಪ್ಪಂದದಲ್ಲಿ ಅಂಥ ಕಲಂ ಇಲ್ಲ.

ಪಿಎಫ್ ಬಡ್ಡಿಯ ವಿಷಯದಲ್ಲಿ ಸಿಪಿಎಗಳಲ್ಲೇ ಭಿನ್ನಮತ. ಕೆಲವರು ವರ್ಷವರ್ಷ ತೋರಿಸಿ ಅಂತಾರೆ, ಕೆಲವರು ತೆಗೆದಾಗ ನೋಡೋಣ ಅಂತಾರೆ. ನನ್ನ ಅಭಿಪ್ರಾಯ ಕೇಳಿದರೆ, ವರ್ಷವರ್ಷ ತೋರಿಸಿ, ಒಂದೇ ದಾರಿಯಲ್ಲಿ ಇರಿ. ಕೆಲಸ ಬಿಟ್ಟ ಮೇಲೆ ಸೇರುವ ಬಡ್ಡಿಗೆ ಇಂಡಿಯಾದಲ್ಲೂ ತೆರಿಗೆ ಇದೆ, ಅದನ್ನೂ ನೆನಪಿಡಿ.

ಹೋದ ವರ್ಷದ ಎಫ್‌ಬಾರ್ ಬಿಟ್ಟುಹೋಗಿದ್ದರೆ ಗಾಬರಿ ಬೇಡ. ಆದಾಯ ಸರಿಯಾಗಿ ತೋರಿಸಿದ್ದು, ಐಆರ್‌ಎಸ್‌ನ ಪತ್ರ ಇನ್ನೂ ಬಂದಿಲ್ಲ ಅಂದರೆ, ಕಾರಣ ಬರೆದು ತಡವಾಗಿ ಎಫ್‌ಬಾರ್ ಸಲ್ಲಿಸಿ, ಸಾಮಾನ್ಯವಾಗಿ ದಂಡ ಹಾಕಲ್ಲ. ಪಿಪಿಎಫ್ ಬಡ್ಡಿ ಬಿಟ್ಟಿದ್ದರೆ ರಿಟರ್ನ್ ತಿದ್ದುವುದೂ ಸೇರುತ್ತದೆ, ಆಗ ಸಿಪಿಎ ಜೊತೆ ಕೂತು ಮಾಡಿ. ಸುಮ್ನೆ ಕೂತರೆ ಬೇಕೆಂದು ಮಾಡದ ತಪ್ಪಿಗೂ ಒಂದು ವರ್ಷದ ಎಫ್‌ಬಾರ್‌ಗೆ 10,000 ಡಾಲರ್ ಮೀರಿದ ದಂಡ ಬೀಳಬಹುದು. 2023ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ಖಾತೆಗೊಂದರಂತೆ ಹಾಕುವ ಹಾಗಿಲ್ಲ ಅಂದಿದ್ದಷ್ಟೇ ಸಮಾಧಾನ.

ಮತ್ತೆ, ಆಧಾರ್‌ಗೆ ಜೋಡಿಸಿದ ಇಂಡಿಯಾ ಸಿಮ್ ರೀಚಾರ್ಜ್ ಮಾಡ್ತಾ ಇರಿ. ಯುಎಎನ್ (ಪಿಎಫ್ ಖಾತೆಯ ನಂಬರ್) ಪಾಸ್‌ವರ್ಡ್ ಮರೆತರೆ ಓಟಿಪಿ ಬರೋದು ಅಲ್ಲಿಗೇ.