ಡಿಸ್ಲೆಕ್ಸಿಯಾ ಇರುವ ಹುಡುಗಿಯ ಬಗ್ಗೆ ವರದಿಯಲ್ಲಿ ಹೇಗೆ ಬರೆಯಬೇಕು?

ಐದನೇ ತರಗತಿ ಹುಡುಗಿಯ ಪ್ರಗತಿ ವರದಿಯಲ್ಲಿ ‘ಡಿಸ್ಲೆಕ್ಸಿಯಾದಿಂದ ಬಳಲುತ್ತಿದ್ದಾಳೆ’ ಅಂತ ಬರೆದಿರಿ, ಅವಳ ತಾಯಿ ನೊಂದುಕೊಂಡರು, ತಪ್ಪೇನು ಅಂತ ಕೇಳಿದ್ದೀರಿ.

ತಪ್ಪು ಆ ‘ಬಳಲು’ವಿನಲ್ಲಿದೆ. ಜ್ವರದಿಂದ ಬಳಲುತ್ತಾರೆ. ಡಿಸ್ಲೆಕ್ಸಿಯಾ ಅಂದರೆ ಓದು ಬರಹ ಕಲಿಯುವಲ್ಲಿ ಇರುವ ತೊಡಕು, ಔಷಧಿ ಕೊಟ್ಟು ವಾಸಿ ಮಾಡುವ ಕಾಯಿಲೆಯಲ್ಲ. ‘ಪೀಡಿತೆ’, ‘ತುತ್ತಾದವಳು’ ಇವೂ ಅದೇ ಜಾತಿ. ಕನ್ನಡದಲ್ಲಿ ‘ಇರು’ ಧಾರಾಳವಾಗಿ ಸಾಕು: ‘ಅವಳಿಗೆ ಡಿಸ್ಲೆಕ್ಸಿಯಾ ಇದೆ.’ ದೊಡ್ಡವರಲ್ಲಿ ಕೆಲವರು ತಾವಾಗಿಯೇ ‘ನಾನು ಡಿಸ್ಲೆಕ್ಸಿಕ್’ ಅನ್ನುತ್ತಾರೆ. ಅವರನ್ನು ತಿದ್ದಲು ಹೋಗಬೇಡಿ.

‘ಬುದ್ಧಿಮಾಂದ್ಯ’ ಬೇಡವೇ ಬೇಡ. ಮರ್ಯಾದೆಯ ಮಾತು ಆಮೇಲೆ, ಮೊದಲು ಅದು ಸುಳ್ಳು. ತೊಡಕಿರುವುದು ಅಕ್ಷರಕ್ಕೂ ಸದ್ದಿಗೂ ಗಂಟು ಹಾಕುವಲ್ಲಿ. (2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಅನುಸೂಚಿಯೇ ಇದನ್ನು ‘ಬೌದ್ಧಿಕ ವೈಕಲ್ಯ’ದ ತಲೆಬರಹದಡಿ ಇಟ್ಟಿದೆ. ಅರ್ಧ ಗೊಂದಲ ಅಲ್ಲಿಂದಲೇ ಬಂದದ್ದು ಅಂತ ನನ್ನ ಅನಿಸಿಕೆ.) ‘ದೇವರ ಮಗು’, ‘ವಿಶೇಷ ಪ್ರತಿಭೆ’ ಅಂತ ಹೊಗಳುವುದೂ ನನಗೆ ಹಿಡಿಸುವುದಿಲ್ಲ. ಪಾಪ, ಎಲ್ಲ ಮಕ್ಕಳ ಹಾಗೆ ಅವಳೂ ಒಂದು ಮಗು. ಉಳಿದವರನ್ನು ‘ನಾರ್ಮಲ್ ಮಕ್ಕಳು’ ಅನ್ನದೆ ‘ತರಗತಿಯ ಇತರ ಮಕ್ಕಳು’ ಅನ್ನಿ.

ಇದಕ್ಕಿಂತ ಮುಖ್ಯವಾದದ್ದೊಂದಿದೆ. ತಜ್ಞರು ಪರೀಕ್ಷಿಸಿ ಹೇಳುವ ಮುಂಚೆ ‘ಡಿಸ್ಲೆಕ್ಸಿಯಾ’ ಅನ್ನುವ ಪದವನ್ನೇ ವರದಿಯಲ್ಲಿ ಬರೆಯಬೇಡಿ. ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಿರಿ. ‘ಓದಿನಲ್ಲಿ ಹಿಂದೆ, ಗಮನವಿಲ್ಲ’ ಅಂದರೆ ಯಾರಿಗೂ ಏನೂ ತಿಳಿಯುವುದಿಲ್ಲ, ತಪ್ಪೆಲ್ಲ ಮಗುವಿನ ತಲೆಗೆ ಬರುತ್ತದೆ. ಬದಲಿಗೆ ಹೀಗೆ: ‘ಒತ್ತಕ್ಷರ ಬಿಡುತ್ತಾಳೆ, ‘ಬೆಕ್ಕು’ ‘ಬೆಕು’ ಆಗುತ್ತದೆ. ಮ, ವ ಅದಲು ಬದಲಾಗುತ್ತವೆ. ಗಟ್ಟಿಯಾಗಿ ಓದುವಾಗ ಸಾಲು ತಪ್ಪುತ್ತಾಳೆ. ಅದೇ ಪಾಠ ಓದಿ ಹೇಳಿದರೆ ಬಾಯಲ್ಲಿ ಪೂರ್ತಿ ಉತ್ತರ ಕೊಡುತ್ತಾಳೆ.’ ಈ ಕೊನೆಯ ವಾಕ್ಯ ಬಿಟ್ಟುಹೋಗದಿರಲಿ. ಪರೀಕ್ಷಿಸುವವರಿಗೆ ಅದು ಬೇಕು, ತಾಯಿಗಂತೂ ಇನ್ನೂ ಬೇಕು.

ತರಗತಿಯಲ್ಲಿ ಎಲ್ಲರೆದುರು ಅವಳ ಹೆಸರು ಹಿಡಿದು ‘ಅವಳಿಗೆ ಡಿಸ್ಲೆಕ್ಸಿಯಾ, ನಗಬೇಡಿ’ ಅನ್ನಬೇಡಿ. ಹೇಳುವುದು ಬಿಡುವುದು ಅವಳಿಗೂ ಮನೆಯವರಿಗೂ ಬಿಟ್ಟದ್ದು.

ಪದ ಮೆದು ಮಾಡಬಾರದ ಜಾಗವೂ ಒಂದಿದೆ. ಪರೀಕ್ಷೆಯಲ್ಲಿ ಅವಳ ಪರವಾಗಿ ಉತ್ತರ ಬರೆಯುವವರನ್ನೋ ಹೆಚ್ಚುವರಿ ಸಮಯವನ್ನೋ ಕೇಳುವ ಅರ್ಜಿಯಲ್ಲಿ, ಪ್ರಮಾಣಪತ್ರದಲ್ಲಿ ‘ನಿರ್ದಿಷ್ಟ ಕಲಿಕಾ ನ್ಯೂನತೆ’ (ಡಿಸ್ಲೆಕ್ಸಿಯಾವೂ ಸೇರುವ ಕಾನೂನಿನ ಹೆಸರು) ಅಂತಿದ್ದರೆ ಅದನ್ನೇ ಅಕ್ಷರಶಃ ಇಳಿಸಿ. ‘ಓದಿನಲ್ಲಿ ಸ್ವಲ್ಪ ನಿಧಾನ’ ಅಂತ ಬರೆದರೆ ಅರ್ಜಿ ವಾಪಸ್ ಬಂದೀತು.